ಅತ್ತೆಯ ಹಿಂದೆ ಹೋದ ಗಿನಿ ಕೋಳಿಗಳು

ಗಿನಿ ಕೋಳಿಗಳ ವಿಷಯದಲ್ಲಿ ನನಗೆ ಮೊದಲ ಸಲ ಹೊಟ್ಟೆಕಿಚ್ಚು ಬಂದದ್ದು ಮುಧೋಳದ ಹತ್ತಿರದ ಒಂದು ತೋಟದ ಮನೆಯಲ್ಲಿ. ನಾನು ಜಮಖಂಡಿಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಅಲ್ಲೇ ವಿಜ್ಞಾನ ಕಲಿಸುವ ಗೆಳತಿಯ ಗಂಡನ ಮನೆ ಅದು. ಸುತ್ತ ಕಬ್ಬು, ಅಂಗಳದಲ್ಲಿ ಮುಧೋಳದ ನಾಯಿ. ಒಂದು ರವಿವಾರ ಊಟಕ್ಕೆ ಕರೆದಿದ್ದಳು. ಊಟವಾಗಿ ಕೈ ತೊಳೆಯುತ್ತಿದ್ದೆ. ಅವಳು ಹಿತ್ತಲ ಬಾಗಿಲಲ್ಲಿ ನಿಂತು ನಾಲಿಗೆಯಿಂದ ಟಕ್ ಟಕ್ ಎಂದು ಸದ್ದು ಮಾಡಿದಳು. ಕಬ್ಬಿನ ಸಾಲುಗಳ ಒಳಗಿಂದ ಬೂದುಬಣ್ಣದ ಹಕ್ಕಿಗಳ ಒಂದು ಹಿಂಡೇ ಓಡಿ ಬಂತು. ಮೈತುಂಬ ಬಿಳಿ ಚುಕ್ಕೆ, ಬೋಳು ತಲೆಯ ಮೇಲೊಂದು ಕೊಂಬಿನಂಥ ಗಂಟು, ಗಲ್ಲದ ಕೆಳಗೆ ಕೆಂಪು ಚರ್ಮದ ಜೋಲು. ನೋಡಲು ಚೆಂದವೇನೂ ಅಲ್ಲ. ಆದರೆ ಅವು ಓಡಿ ಬಂದ ರೀತಿಯಿತ್ತಲ್ಲ, ಲೋಕದಲ್ಲಿ ಇನ್ನು ಯಾರೂ ಇಲ್ಲವೆನ್ನುವಂತೆ ಅವಳ ಕಾಲಿಗೇ ಬಂದು ಮುತ್ತಿದ್ದು, ಅದನ್ನು ನೋಡಿ ನನ್ನ ಎದೆಯಲ್ಲಿ ಏನೋ ಚುರುಕ್ಕೆಂದಿತು.

"ಇವು ಮನಿಷ್ಯಾರನ ಹಿಂಗ ಹಚಗೋತಾವೇನ?" ಎಂದು ಕೇಳಿದೆ.

"ಮರಿ ಇದ್ದಾಗಿಂದ ಕೈಯಾಗ ಬೆಳಸಬೇಕ. ಆಗ ನೀನ ತಾಯಿ ಅಂತ ತಿಳಕೋತಾವ" ಎಂದಳು.

'ನೀನ ತಾಯಿ' ಎಂಬ ಆ ಮಾತನ್ನೇ ನಾನು ನಮ್ಮೂರು ಬನಹಟ್ಟಿಯ ತನಕ ದಾರಿಯುದ್ದಕ್ಕೂ ಮೆಲುಕು ಹಾಕಿದೆ.

ಅದಕ್ಕೊಂದು ಕಾರಣವಿತ್ತು. ನನಗೆ ಒಬ್ಬಳೇ ಮಗಳು. ಅವಳು ಹುಟ್ಟಿ ಕೆಲವು ತಿಂಗಳಿಗೇ ನಾನು ಮತ್ತೆ ಕೆಲಸಕ್ಕೆ ಹೋದೆ. ಬೆಳಿಗ್ಗೆ ಹೋದರೆ ಸಂಜೆಯೇ ಮನೆ. ಕೂಸನ್ನು ಎತ್ತಿ ಆಡಿಸಿ ಬೆಳೆಸಿದ್ದು ನನ್ನ ಅತ್ತೆ. ಮಾತು ಬಂದಾಗ ಮಗಳು ಅತ್ತೆಯನ್ನು 'ಅವ್ವ' ಎಂದಳು, ನನ್ನನ್ನು 'ಮಮ್ಮಿ' ಎಂದಳು. ಓಣಿಯವರಿಗೆ ಅದು ನಗುವ ವಿಷಯ. ನಾನೂ ನಗುತ್ತಿದ್ದೆ. ಆದರೆ ಜ್ವರ ಬಂದ ದಿನ ಅವಳು ನನ್ನ ಹಾಸಿಗೆಯಿಂದ ಎದ್ದು, ಗೋಡೆ ಹಿಡಿದುಕೊಂಡು ನಡೆದು, ಅತ್ತೆಯ ಮಗ್ಗುಲಿಗೆ ಹೋಗಿ ಮಲಗಿದಾಗ ನಾನು ನಗಲಿಲ್ಲ. ಅತ್ತೆಯ ಮೇಲೆ ಸಿಟ್ಟಾಗಲು ಕಾರಣವಿರಲಿಲ್ಲ. ಅವರು ಒಂದು ದಿನವೂ ನನಗೆ ಬಿರುಸು ಮಾತು ಆಡಿದವರಲ್ಲ. ಸಿಟ್ಟಾಗಲು ಕಾರಣವಿಲ್ಲದ್ದರಿಂದಲೇ ಆ ಉರಿ ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ಉಳಿಯಿತು. ಈಗ ಮಗಳು ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಫೋನು ಮಾಡಿದರೆ ಎರಡು ಮಾತಾಡಿ, "ಅವ್ವಗ ಕೊಡ" ಎನ್ನುತ್ತಾಳೆ.

ಏಪ್ರಿಲ್ ಕೊನೆಗೆ, ಶಾಲೆಗೆ ಸೂಟಿ ಬಿದ್ದ ಕೂಡಲೇ, ಮುಧೋಳಕ್ಕೆ ಹೋಗಿ ಆರು ಮರಿ ತಂದೆ. ಸೀರೆ ಇಡುವ ರಟ್ಟಿನ ಡಬ್ಬಿಗೆ ತೂತು ಹೊಡೆದು ಅದರಲ್ಲಿಟ್ಟುಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಹುಟ್ಟಿ ವಾರವೂ ಆಗಿರದ ಮರಿಗಳು. ಕಂದು ಮೈ, ತಲೆಯ ಮೇಲೆ ಕಪ್ಪು ಗೆರೆ, ಕಿತ್ತಳೆ ಬಣ್ಣದ ಕಾಲು. ಮುಷ್ಟಿಯಲ್ಲಿ ಹಿಡಿದರೆ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ.

ಪಡಸಾಲೆಯಲ್ಲಿ ಕೂತಿದ್ದ ಅತ್ತೆ ಡಬ್ಬಿಯೊಳಗಿನ ಸದ್ದು ಕೇಳಿ ಬಗ್ಗಿ ನೋಡಿದರು. ನಾವು ಲಿಂಗವಂತರು. ಅತ್ತೆ ದಿನವೂ ಸ್ನಾನ ಮಾಡಿ, ಮಣೆ ಹಾಕಿಕೊಂಡು ಕೂತು ಲಿಂಗಪೂಜೆ ಮಾಡಿದ ಮೇಲೆಯೇ ಚಹಾ ಕುಡಿಯುವವರು.

"ಕೋಳಿ ಏನ ಇವು?" ಎಂದರು.

"ಕೋಳಿ ಅಲ್ಲ್ರಿ ಅತ್ತಿ. ಗಿನಿ ಕೋಳಿ ಅಂತ. ಹಿತ್ತಲದಾಗ ಚೇಳು, ಹುಳ ಎಲ್ಲಾ ಹೆಕ್ಕಿ ತಿಂತಾವ. ಹಾವು ಬಂದ್ರ ಕೂಗಿ ಹೇಳ್ತಾವ."

"ಹೆಸರಿನ್ಯಾಗ ಕೋಳಿ ಐತೆಲ್ಲ" ಎಂದರು. "ನಾಳಿ ಓಣ್ಯಾಗಿನ ಮಂದಿ ಏನ ಅಂತಾರ? ಇವರ ಮನ್ಯಾಗೂ ಒಲಿ ಮ್ಯಾಲ ಇಡಾಕತ್ರು ಅಂತಾರ."

ಮನೆಯ ಮುಂಭಾಗದ ಶೆಡ್ಡಿನಲ್ಲಿ ನಮ್ಮ ಪವರ್‌ಲೂಮ್‌ಗಳು. ನನ್ನ ಗಂಡ ಹರಿದ ಎಳೆ ಕಟ್ಟುತ್ತ ಅಲ್ಲಿಂದಲೇ ಎಲ್ಲ ಕೇಳಿಸಿಕೊಂಡಿದ್ದರು. ಮಗ್ಗದ ಖಟಖಟದ ಮೇಲೆ ದನಿ ಏರಿಸಿ, "ಇರ್ಲಿ ಬಿಡಬೇ ಯವ್ವಾ, ಸೂಟಿ ಮುಗಿಯೂತನಾ ಆಡ್ಲಿ" ಎಂದರು. ಸೂಟಿಯ ಆಟ ಎಂದು ಅವರು ತಿಳಿದದ್ದು ನನಗೆ ಹಿಡಿಸಲಿಲ್ಲ. ಆದರೂ ಮರಿಗಳು ಉಳಿದವು, ಅಷ್ಟು ಸಾಕೆನಿಸಿತು.

ಆ ಬೇಸಿಗೆ ನನ್ನದಾಗಿತ್ತು. ಮರಿಗಳನ್ನು ನನ್ನ ಕೋಣೆಯಲ್ಲಿಟ್ಟುಕೊಂಡೆ. ಡಬ್ಬಿಯ ಮೇಲೆ ಬಲ್ಬು ತೂಗುಹಾಕಿ ಬೆಚ್ಚಗಿಟ್ಟೆ. ನೀರಿನ ತಟ್ಟೆಯಲ್ಲಿ ಬಿದ್ದು ಮುಳುಗಿಬಿಡುತ್ತವೆ ಎಂದು ಗೆಳತಿ ಹೇಳಿದ್ದರಿಂದ ತಟ್ಟೆ ತುಂಬ ಹರಳು ಹಾಕಿದೆ. ಬೇಯಿಸಿದ ತತ್ತಿ ಪುಡಿ ಮಾಡಿ ತಿನಿಸು ಎಂದೂ ಹೇಳಿದ್ದಳು. ನಮ್ಮ ಮನೆಯಲ್ಲಿ ಅದು ಆಗುವ ಮಾತಲ್ಲ. ಹಿತ್ತಲ ಗೋಡೆಯ ಬುಡದಲ್ಲಿ ಗೆದ್ದಲು ಕೆದರಿ ಒಂದು ಚಮಚದಲ್ಲಿ ತರುತ್ತಿದ್ದೆ. ಹೆಸರುಬೇಳೆ ನೆನೆಸಿ ಅರೆದು ಬೆರಳ ತುದಿಯಲ್ಲಿ ಹಿಡಿಯುತ್ತಿದ್ದೆ. ಕೊಕ್ಕಿನ ಕುಟುಕು ಬೆರಳಿಗೆ ಕಚಗುಳಿಯಿಟ್ಟಂತಾಗುತ್ತಿತ್ತು. ತಿಂದಾದ ಮೇಲೆ ನನ್ನ ಸೆರಗಿನೊಳಗೆ ಸೇರಿ ಒಂದರ ಮೇಲೊಂದು ಬಿದ್ದು ನಿದ್ದೆ ಮಾಡುತ್ತಿದ್ದವು. ಎಚ್ಚರವಾದರೆ ಅಂಜಿಕೊಂಡಾವೆಂದು ಅಲ್ಲಾಡದೆ ಕೂತಿರುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು, "ಚಹಾ ಆರಾಕತ್ತೇತಿ" ಎಂದು ಹೇಳಿ ಹೋಗುತ್ತಿದ್ದರು. ಒಳಗೆ ಬರುತ್ತಿರಲಿಲ್ಲ.

ಒಂದು ಮರಿ ಉಳಿಯಲಿಲ್ಲ. ಇನ್ನೊಂದಕ್ಕೆ ಕಾಲು ಎರಡೂ ಕಡೆಗೆ ಜಾರಿ ಅಗಲವಾಗಿ, ನಿಲ್ಲಲು ಬಾರದಾಯಿತು. ಬಟ್ಟೆಯ ಸಣ್ಣ ಪಟ್ಟಿ ಹರಿದು ಎರಡೂ ಕಾಲು ಸಮ ಬರುವಂತೆ ಕಟ್ಟಿದೆ. ಅದು ಮುಗ್ಗರಿಸಿ ಬೀಳುವುದು, ನಾನು ಎತ್ತಿ ನಿಲ್ಲಿಸುವುದು, ಮತ್ತೆ ಬೀಳುವುದು. ಒಂದು ಮುಂಜಾನೆ ಪಟ್ಟಿ ಬಿಚ್ಚಿದಾಗ ತಾನಾಗಿ ನಡೆದು ನನ್ನ ಅಂಗೈ ಏರಿತು. ಆಮೇಲೂ ಸ್ವಲ್ಪ ಓಲಾಡಿಯೇ ನಡೆಯುತ್ತಿತ್ತು, ಅದಕ್ಕೆ ಕುಂಟಿ ಎಂದು ಹೆಸರಿಟ್ಟೆ. ಉಳಿದವು ಯಾರ ಹಿಂದೆ ಹೋದರೂ ಇದು ನನ್ನದೇ ಎಂದುಕೊಂಡಿದ್ದೆ.

ಮೇ ಮುಗಿಯುವ ಹೊತ್ತಿಗೆ ಐದೂ ಹಿತ್ತಲಿಗಿಳಿದವು. ನಾನು ಬಟ್ಟೆ ಒಗೆಯುವ ಕಲ್ಲಿನತ್ತ ಹೋದರೆ ಅಲ್ಲಿ, ಬೇವಿನ ಮರದ ಕೆಳಗೆ ಕೂತರೆ ಅಲ್ಲಿ, ಸಾಲುಗಟ್ಟಿ ಹಿಂದೆ ಬರುತ್ತಿದ್ದವು. ನಾಲಿಗೆಯಿಂದ ಟಕ್ ಟಕ್ ಎಂದರೆ ಎಲ್ಲಿದ್ದರೂ ಓಡಿ ಬರುತ್ತಿದ್ದವು. ಅದನ್ನು ಅತ್ತೆ ನೋಡಲಿ ಎಂದು, ಅವರು ಹಿತ್ತಲ ಬಾಗಿಲಿಗೆ ಬಂದಾಗಲೇ ನಾನು ಹೆಚ್ಚು ಸಲ ಕರೆಯುತ್ತಿದ್ದೆ.

ಜೂನ್ ಬಂತು, ಶಾಲೆ ಶುರುವಾಯಿತು.

ಮೊದಲ ವಾರ ಸಂಜೆ ಸ್ಕೂಟಿ ನಿಲ್ಲಿಸಿ ಒಳಗೆ ಬಂದರೆ ಐದೂ ಬಂದು ಮುತ್ತುತ್ತಿದ್ದವು. ಎರಡನೆಯ ವಾರ ಬಂದವು, ಆದರೆ ನಿಲ್ಲಲಿಲ್ಲ. ನನ್ನ ಕೈ ನೋಡಿ, ತಲೆ ಓರೆ ಮಾಡಿ, ತಿರುಗಿ ಪಡಸಾಲೆಯ ಕಡೆ ಹೋದವು. ಹಿಂದೆಯೇ ಹೋಗಿ ನೋಡಿದೆ. ಅತ್ತೆ ಕಂಬಕ್ಕೆ ಒರಗಿ ಕಾಲು ಚಾಚಿ ಕೂತಿದ್ದರು. ಐದೂ ಅವರ ಕಾಲಿನ ಉದ್ದಕ್ಕೂ ಮೈ ಊರಿ ಕೂತಿದ್ದವು. ಕುಂಟಿ ಅವರ ಪಾದದ ಮೇಲೆಯೇ ಕೂತಿತ್ತು.

"ಇವು ಯಾವಾಗಿಂದ ಒಳಗ ಬರಾಕತ್ತಾವರಿ?" ಎಂದೆ.

"ಮಧ್ಯಾನ ಬಿಸಲ ಭಾಳ ಇರತೈತಿ. ಬಾಗಲದಾಗ ನಿಂತ ಒದರತಾವ. ಪಾಪ ಅಂತ ಒಳಗ ಬಿಟ್ನಿ" ಎಂದರು. ಹೇಳುತ್ತಲೇ ಕುಂಟಿಯ ಬೆನ್ನನ್ನು ಒಂದು ಬೆರಳಿಂದ ಸವರಿದರು. ಅದು ಕಣ್ಣು ಮುಚ್ಚಿತು. ನಾನು ಸವರಿದಾಗ ಅದು ಎಂದೂ ಹಾಗೆ ಕಣ್ಣು ಮುಚ್ಚಿರಲಿಲ್ಲ.

ಅವತ್ತಿನಿಂದ ನನ್ನ ಸಂಜೆಗಳು ಕೆಟ್ಟವು. ಅವು ಮುಂಜಾನೆ ಅತ್ತೆಯ ಪೂಜೆಯ ಹೊತ್ತಿಗೆ ಮಣೆಯ ಸುತ್ತ ಕೂರುತ್ತವೆಂದೂ, ಒಂದು ಸಲ ವಿಭೂತಿಯ ಗಟ್ಟಿಯನ್ನೇ ಕುಟುಕಿ ಮುಖಕ್ಕೆಲ್ಲ ಬೂದಿ ಮಾಡಿಕೊಂಡವೆಂದೂ ಗಂಡ ನಗುತ್ತ ಹೇಳಿದರು. ಕೋಳಿ ಎಂದು ಮೂಗು ಮುರಿದಿದ್ದ ಅತ್ತೆ ಈಗ ಓಣಿಯ ಹೆಂಗಸರಿಗೆ, "ಇವು ಶರಣರಂಗ, ಯಾರಿಗೂ ಕೇಡ ಬಗಿಯೂದಿಲ್ಲ" ಎಂದು ಹೇಳುತ್ತಿದ್ದರು. ಚೇಳು ತಿನ್ನುವ ಶರಣರು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಜಮಖಂಡಿಯ ಪೇಟೆಯಿಂದ ನವಣೆ ತಂದು ಸಂಜೆ ಹಿತ್ತಲಲ್ಲಿ ಸುರಿದೆ. ಬಂದವು, ಕೊನೆಯ ಕಾಳಿನ ತನಕ ತಿಂದವು, ಬಾಯಿ ಒರೆಸಿಕೊಂಡ ಅತಿಥಿಗಳ ಹಾಗೆ ಪಡಸಾಲೆಗೆ ಹೋದವು. ತಲೆನೋವೆಂದು ಒಂದು ದಿನ ರಜೆ ಹಾಕಿ ಮನೆಯಲ್ಲೇ ಉಳಿದೆ. ಇಡೀ ದಿನ ಹಿತ್ತಲಲ್ಲಿ ಕೂತೆ. ಅವು ನನ್ನ ಸುತ್ತಮುತ್ತ ಮೇಯ್ದವು, ಆದರೆ ಪಡಸಾಲೆಯಿಂದ ಅತ್ತೆ ಕೆಮ್ಮಿದರೆ ಐದೂ ತಲೆ ಎತ್ತುತ್ತಿದ್ದವು. ನಾನೂ ಕೆಮ್ಮಿ ನೋಡಿದೆ. ಒಂದೂ ತಲೆಯೆತ್ತಲಿಲ್ಲ.

ಕೊನೆಗೆ ಒಂದು ಸಂಜೆ ಹೇಳಿಯೇಬಿಟ್ಟೆ. "ಅತ್ತಿ, ನೀವು ಉಣ್ಣೂಮುಂದ ಇವಕ್ಕ ರೊಟ್ಟಿ ಚೂರು ಹಾಕಬ್ಯಾಡ್ರಿ. ಅದಕ್ಕ ರೂಢಿ ಬಿದ್ದು ನನ್ನ ಕಡಿ ಬರವಲ್ವು."

ಅತ್ತೆ ನನ್ನ ಮುಖ ನೋಡಿದರು. "ಹಾಕೂದಿಲ್ಲ ಬಿಡು" ಎಂದರು, ಅಷ್ಟೇ.

ಅವರು ಮಾತು ತಪ್ಪಲಿಲ್ಲ. ಊಟವಾದ ಮೇಲೆ ತಟ್ಟೆಯನ್ನು ತಾವೇ ಎತ್ತಿ ಒಳಗಿಟ್ಟು ಬಂದು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು. ಹಕ್ಕಿಗಳು ಮೊದಲಿನ ಹಾಗೆಯೇ ಬಂದು ಅವರ ಕಾಲ ಬಳಿ ಕೂರುತ್ತಿದ್ದವು. ರೊಟ್ಟಿಯ ಸಲುವಾಗಿ ಬರುತ್ತಿವೆ ಎಂದು ಹೇಳಿಕೊಳ್ಳುವ ಸಮಾಧಾನವೂ ನನಗೆ ತಪ್ಪಿತು.

ದಸರೆಗೆ ಮಗಳು ಬಂದಳು. ಆ ಹೊತ್ತಿಗೆ ಹಕ್ಕಿಗಳು ಪೂರ್ತಿ ಬೆಳೆದು ಚುಕ್ಕೆ ಮೂಡಿ, ಹೆಣ್ಣುಗಳು ಕಚಕ್ ಕಚಕ್ ಎಂದು ಎರಡೆರಡು ಸಲ ಕೂಗಲು ಕಲಿತಿದ್ದವು. ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತರೆ ಆ ಮೌನಕ್ಕೆ ಹೆದರಿ ಕೂಗುತ್ತಿದ್ದವು. ಮಗಳು ಪಡಸಾಲೆಯಲ್ಲಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಅವಳ ಕಾಲ ಹತ್ತಿರ ಹಕ್ಕಿಗಳು ಕೂತಿದ್ದವು. ನಾನು ಪಲ್ಯಕ್ಕೆ ಮೆಂತೆಸೊಪ್ಪಿನ ಎಲೆ ಬಿಡಿಸಿ ಸೋಸುತ್ತ ಎದುರಿಗೆ ಕೂತಿದ್ದೆ.

"ತಂದಾಕಿ ಮಮ್ಮಿ, ಹಚಗೊಂಡಿದ್ದ ಅವ್ವನ್ನ" ಎಂದು ಮಗಳು ನಕ್ಕಳು. "ಇವೂ ನನ್ನಂಗ ಅದಾವ ನೋಡು."

ಅವಳು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಾನು ಸೊಪ್ಪಿನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಸೋಸಿದ್ದನ್ನೇ ಮತ್ತೆ ಸೋಸುತ್ತ ನಿಂತೆ. ಅತ್ತೆ ಅವಳಿಗೆ ತಗ್ಗಿದ ದನಿಯಲ್ಲಿ, "ಹಂಗ ಅನಬಾರದ" ಎಂದದ್ದು ಕೇಳಿಸಿತು. ಅವರು ನನ್ನ ಪರವಾಗಿ ಆಡಿದ ಆ ಮಾತೂ ನನಗೆ ಬೇಕಾಗಿರಲಿಲ್ಲ.

ದೀಪಾವಳಿ ಆದ ಮೇಲೆ ಬೀಳಗಿಯಿಂದ ಫೋನು ಬಂತು. ಅಲ್ಲಿ ನನ್ನ ನಾದಿನಿಯ ಮನೆ. ಅವಳು ಬಾತ್‌ರೂಮಿನಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಿದ್ದಳು. ಅತ್ತೆ ತಮ್ಮ ಮಗಳ ಮನೆಗೆ ಹೊರಟರು. ಹೊರಡುವಾಗ ಹಿತ್ತಲಿಗೆ ಹೋಗಿ ನಿಂತು ಬಂದರು. ನಾದಿನಿಯ ಬಗ್ಗೆ ನನಗೆ ಮರುಕವಿತ್ತು, ನಿಜ. ಆದರೆ ಗಂಡ ಅತ್ತೆಯನ್ನು ಬಸ್ಸು ಹತ್ತಿಸಿ ಬರುವಷ್ಟರಲ್ಲಿ ನಾನು ನವಣೆಯ ಡಬ್ಬಿ ಹಿಡಿದು ಹಿತ್ತಲಲ್ಲಿ ಕೂತಿದ್ದೆ.

ಹಕ್ಕಿಗಳು ಬರಲಿಲ್ಲ. ಪಡಸಾಲೆಗೆ ಹೋದವು, ಖಾಲಿ ಕಂಬದ ಸುತ್ತ ತಿರುಗಿದವು, ಹೊರಗೆ ಬಂದವು, ಮತ್ತೆ ಒಳಗೆ ಹೋದವು. ಮಧ್ಯಾಹ್ನದ ಹೊತ್ತಿಗೆ ಕೂಗು ಶುರುವಾಯಿತು. ನೆರೆಮನೆಯ ಶೆಡ್ಡಿನ ತಗಡಿನ ಮೇಲೆ ಹಾರಿ ಕೂತು ನಾಲ್ಕೂ ಸೇರಿ ಕೂಗಿದವು. ಮಗ್ಗದ ಸದ್ದನ್ನೂ ಮೀರಿ ಕೇಳುವ ಕೂಗು ಅದು. ಓಣಿಯವರು ಬಂದು, "ಹಾವ ಬಂದೈತೇನ?" ಎಂದು ಕೇಳಿ ಹೋದರು. ಮರುದಿನ ನಾನು ಶಾಲೆಯಿಂದ ಬಂದಾಗಲೂ ತಗಡಿನ ಮೇಲೆಯೇ ಇದ್ದವು. ಸುರಿದ ಕಾಳು ಸುರಿದ ಹಾಗೇ ಇತ್ತು. ಕುಂಟಿಯೊಂದು ಮಾತ್ರ ಹಾರಲಾರದೆ ಗೋಡೆಯ ಮೂಲೆಯಲ್ಲಿ ನಿಂತಿತ್ತು. ಎತ್ತಿಕೊಳ್ಳಲು ಹೋದರೆ ನನ್ನ ಕೈ ಕಚ್ಚಿತು.

ಅತ್ತೆ ಫೋನು ಮಾಡಿದರು. ನಾದಿನಿಯ ಕೈಯ ಸುದ್ದಿ ಹೇಳಿದರು, ಮಗನ ಊಟ ಕೇಳಿದರು. ಆಮೇಲೆ, "ಹಕ್ಕಿ ಹೆಂಗ ಅದಾವ?" ಎಂದರು.

"ತಗಡ ಮ್ಯಾಲ ಕುಂತ ಒದರಾಕತ್ತಾವ. ಏನೂ ತಿನ್ನವಲ್ವು" ಎಂದೆ.

"ಹೌದೇನ?" ಎಂದರು ಅತ್ತೆ. ಅದು ಚಿಂತೆಯ ಮಾತಾಗಿತ್ತು. ಆದರೆ ಆ 'ಹೌದೇನ'ದ ತಳದಲ್ಲಿ ಒಂದು ಖುಷಿ ಇದ್ದದ್ದು ನನ್ನ ಕಿವಿಗೆ ತಪ್ಪಲಿಲ್ಲ. ಅಂಥ ಖುಷಿಯನ್ನು ಕೇಳಲು ನನ್ನ ಕಿವಿ ವರ್ಷಗಳಿಂದ ತಯಾರಾಗಿತ್ತು.

ಮೂರನೆಯ ದಿನ ಹಸಿವಿಗೋ ಬೇಸರಕ್ಕೋ ಇಳಿದು ಬಂದವು. ಒಂದೊಂದಾಗಿ ಕಾಳು ಹೆಕ್ಕಿದವು. ನಾನು ಕರೆಯಲಿಲ್ಲ, ಕೈ ಚಾಚಲಿಲ್ಲ, ಉತ್ತರಪತ್ರಿಕೆ ತಿದ್ದುತ್ತ ಬೇವಿನ ಕೆಳಗೆ ಸುಮ್ಮನೆ ಕೂತೆ. ಮೆಲ್ಲಗೆ ಹತ್ತಿರ ಬಂದವು. ವಾರ ಕಳೆಯುವ ಹೊತ್ತಿಗೆ ಸಂಜೆಗಳು ಮತ್ತೆ ಬೇಸಿಗೆಯ ಹಾಗಾದವು. ಕುಂಟಿ ನನ್ನ ಮಡಿಲಲ್ಲಿ ಕೂತು, ತಿದ್ದಿದ ಕಾಗದದ ಅಂಚು ಹರಿಯಿತು. ಅತ್ತೆ ಇನ್ನೂ ಕೆಲವು ದಿನ ಬೀಳಗಿಯಲ್ಲಿದ್ದರೆ ಒಳ್ಳೆಯದಿತ್ತು ಎಂದು ಮನಸ್ಸು ಹೇಳುತ್ತಿತ್ತು.

ಅತ್ತೆ ಬಂದದ್ದು ಒಂದು ರವಿವಾರ. ನಾದಿನಿ ಕೊಡಿಸಿದ ಹೊಸ ಸೀರೆ ಉಟ್ಟಿದ್ದರು, ಕಣ್ಣು ಕೋರೈಸುವ ಹಳದಿ. ಕೈಯಲ್ಲಿ ದೊಡ್ಡದೊಂದು ಚೀಲ. ಮನೆಯೊಳಗೆ ಕಾಲಿಟ್ಟವರು ನೀರನ್ನೂ ಕೇಳದೆ ನೇರ ಹಿತ್ತಲ ಬಾಗಿಲಿಗೆ ಬಂದರು. "ಬರ್ರಿ, ಬರ್ರಿ" ಎಂದರು.

ಈ ಹಕ್ಕಿಗಳು ಹೊಸದು ಏನು ಕಂಡರೂ ಹೆದರುತ್ತವೆ. ಆ ಹಳದಿ ಸೀರೆಯನ್ನು, ಚೀಲವನ್ನು ಕಂಡದ್ದೇ ತಡ, ಐದೂ ಒಮ್ಮೆಲೇ ಹಾವು ಕಂಡ ಹಾಗೆ ಕಿರುಚಿ ನನ್ನ ಕಡೆ ಓಡಿ ಬಂದವು. ನನ್ನ ಹಿಂದೆ ಅಡಗಿ ನಿಂತು ಅತ್ತೆಯತ್ತ ಕತ್ತು ಚಾಚಿ ಕೂಗಿದವು. ಅತ್ತೆ ಇನ್ನೊಮ್ಮೆ ಕರೆದರು. ಕೂಗು ಇನ್ನೂ ಜೋರಾಯಿತು.

ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಮುಖಕ್ಕೆ ಬಾರದಿರಲಿ ಎಂದು ತುಟಿ ಕಚ್ಚಿ ಹಿಡಿದೆ. ಅತ್ತೆ ಒಂದು ಗಳಿಗೆ ಬಾಗಿಲ ಚೌಕಟ್ಟು ಹಿಡಿದು ನಿಂತರು. ಆಮೇಲೆ ತಿರುಗಿ ಒಳಗೆ ಹೋದರು. ಅವರ ಬೆನ್ನು ಅಷ್ಟು ಸಣ್ಣದಾಗಿ ನನಗೆ ಯಾವತ್ತೂ ಕಂಡಿರಲಿಲ್ಲ.

ನಾನು ಚಹಾ ಮಾಡಿಕೊಂಡು ಹೋದೆ. ಕಂಬದ ಹತ್ತಿರ ಕೂತಿದ್ದರು, ಚೀಲ ಇನ್ನೂ ಬಿಚ್ಚಿರಲಿಲ್ಲ.

"ಸೀರಿ ನೋಡಿ ಅಂಜ್ಯಾವರಿ" ಎಂದೆ. "ನಾಳಿ ಹಳೀದ ಉಟಗೋರಿ, ತಾವ ಬರತಾವ."

"ಬರತಾವ ಬಿಡು" ಎಂದು ಬಟ್ಟಲು ತೆಗೆದುಕೊಂಡರು. "ನಿನ್ನ ಮಗಳೂ ಹಿಂಗ ಮಾಡತಿತ್ತು" ಎಂದರು.

"ನನ್ನ ಮಗಳೇನ ಮಾಡತಿದ್ದಳರಿ?"

"ಇಡೀ ದಿನಾ ಹೊತಗೊಂಡ ತಿರಗತಿದ್ನಿ. ಉಣ್ಣಿಸಿ, ತಿನ್ನಿಸಿ, ಮಲಗಿಸಿ ಎಲ್ಲಾ ನಾನ. ಸಂಜಿಮುಂದ ನಿನ್ನ ಗಾಡಿ ಸಪ್ಪಳ ಕೇಳಿದ್ರ ಸಾಕ, ನನ್ನ ಟೊಂಕದಾಗಿಂದ ಹಾರಿ ಬೀಳತಿತ್ತು. ಬಾಗಲಕ ಓಡತಿತ್ತು. ತಿರುಗಿ ಸುದ್ದಾ ನೋಡತಿರಲಿಲ್ಲ. ನಾ ತೆಕ್ಕಿ ಖಾಲಿ ಮಾಡಕೊಂಡ ಇಲ್ಲೇ ನಿಂತಿರತಿದ್ನಿ." ಒಂದು ಗುಟುಕು ಕುಡಿದರು. "ಎಷ್ಟ ಮಾಡಿದ್ರೂ ಹಡದಾಕಿ ಹಡದಾಕೀನ ಅಂತ ಹೊಟ್ಟಿ ಉರೀತಿತ್ತು. ಯಾರಿಗೆ ಹೇಳೂದ ಅದನ್ನ."

ನಾನು ಅವರ ಎದುರಿಗೆ ಕೂತೆ. ಮಗಳು ಬಾಗಿಲಿಗೆ ಓಡಿ ಬರುತ್ತಿದ್ದುದು ನನಗೆ ನೆನಪಿತ್ತು. ಆದರೆ ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಓಡಿ ಬಂದವಳು ಆಮೇಲೆ ಮತ್ತೆ ಅತ್ತೆಯ ಬಳಿಗೆ ಹೋದದ್ದಷ್ಟೇ ನನ್ನ ಕಣ್ಣಿನಲ್ಲಿ ಉಳಿದಿತ್ತು.

"ಈ ಹಕ್ಕಿನೂ ಹಂಗ ಮಾಡತಾವ" ಎಂದರು ಅತ್ತೆ. "ನೀ ಬರೋ ಹೊತ್ತಾತು ಅಂದ್ರ ನನ್ನ ಬಿಟ್ಟ ಎದ್ದ ಹೋಗಿ ಬಾಗಲದಾಗ ನಿಂದರತಾವ. ನಿನ್ನ ಮಾರಿ ನೋಡಿದ ಮ್ಯಾಲ ಹೊಳ್ಳಿ ಬರತಾವ. ನೀ ಅದನ್ನ ನೋಡೇ ಇಲ್ಲ."

"ನೀವು ಹೋದ ಮ್ಯಾಲ ಎರಡ ದಿನ ನೀರ ಮುಟ್ಟಿಲ್ಲರಿ" ಎಂದೆ ನಾನು. "ಈ ಕಂಬದ ಸುತ್ತ ತಿರುಗಿದ್ದ ತಿರುಗಿದ್ದ. ನಾ ಎತಗೋಳಾಕ ಹೋದ್ರ ಕುಂಟಿ ಕಚ್ಚಿತು." ಕೈಯ ಗುರುತು ತೋರಿಸಿದೆ.

ಅತ್ತೆ ಕನ್ನಡಕ ಸರಿಮಾಡಿಕೊಂಡು ಗುರುತನ್ನು ನೋಡಿದರು. ನಗಬಾರದೆಂದು ಬಹಳ ಪ್ರಯತ್ನಪಟ್ಟರು, ಆಗಲಿಲ್ಲ. ನನಗೂ ನಗು ಬಂತು. ಗಂಡ ಮಗ್ಗ ನಿಲ್ಲಿಸಿ, "ಏನಾತು?" ಎಂದು ಬಂದರು. ಅವರಿಗೂ ಚಹಾ ತರಲು ನಾನು ಎದ್ದೆ.

ಮರುದಿನ ಅತ್ತೆ ಹಳೆಯ ಸೀರೆ ಉಟ್ಟರು. ನಾನು ಶಾಲೆಯಿಂದ ಬರುವಷ್ಟರಲ್ಲಿ ಐದೂ ಪಡಸಾಲೆಯಲ್ಲಿ ಅವರ ಕಾಲ ಬಳಿ ಇದ್ದವು. ಅದನ್ನು ಕಂಡಾಗ ಎದೆಯಲ್ಲಿ ಆ ಹಳೆಯ ಉರಿ ಮತ್ತೆ ಎದ್ದಿತು. ಒಂದು ಮಾತುಕತೆಯಿಂದ ಅದೆಲ್ಲ ಹೋಗಿಬಿಡುತ್ತದೆ ಎಂದು ನಾನೂ ನಂಬಿರಲಿಲ್ಲ. ಹೋಗಲೂ ಇಲ್ಲ. ಆದರೆ ಈಗ ಆ ಉರಿ ನನ್ನೊಬ್ಬಳದಲ್ಲ ಎಂದು ಗೊತ್ತಿದೆ. ಮೊನ್ನೆ ಸಂಜೆ ಸ್ಕೂಟಿ ನಿಲ್ಲಿಸುತ್ತಿದ್ದಾಗ ಎರಡು ಹಕ್ಕಿ ಹಾರಿ ಬಂದು ಸೀಟಿನ ಮೇಲೆ ಕೂತವು. ಕೆಳಗೆ ಇಳಿಸಿದರೂ ಮತ್ತೆ ಹತ್ತಿದವು. ಒಳಗೆ ಹೋದಾಗ ಅತ್ತೆ ಬತ್ತಿ ಹೊಸೆಯುತ್ತಿದ್ದರು, ತಲೆ ಎತ್ತಲಿಲ್ಲ.

"ಗಾಡಿ ಮ್ಯಾಲ ಹತ್ತಿದ್ವಲ್ಲ ಇವತ್ತ" ಎಂದರು.

"ಹೌದರಿ, ಯಾಕೋ ಏನೋ" ಎಂದೆ.

"ಹತ್ತಲಿ ಬಿಡು, ನಂದೇನ" ಎಂದು ಬತ್ತಿಯನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಹೊಸೆದರು. ಆ ದನಿಯನ್ನು ನಾನು ಎಲ್ಲಿದ್ದರೂ ಗುರುತು ಹಿಡಿಯಬಲ್ಲೆ. ಅವರ ಪಕ್ಕದಲ್ಲಿ ಕೂತು ಅರಳೆ ತೆಗೆದುಕೊಂಡೆ.